ಮಾಸ್ಕೋದ ಮುಚ್ಚಿದ ಕೋಣೆಗಳು

ಈಗಿರುವ ರಾಕೆಟ್‌ಗಳನ್ನು ನಂಬಿಕೊಂಡು ಮಂಗಳಕ್ಕೆ ಹೋಗಿಬರಲು ಒಂದೂವರೆಯಿಂದ ಮೂರು ವರ್ಷ ಬೇಕು. ಅಷ್ಟೂ ಕಾಲ ನಾಲ್ಕೋ ಆರೋ ಮಂದಿ ಒಂದು ಪುಟ್ಟ ನೌಕೆಯಲ್ಲಿ, ಬಿಟ್ಟ ಉಸಿರನ್ನೇ ಶುದ್ಧ ಮಾಡಿ ಮತ್ತೆ ಎಳೆದುಕೊಳ್ಳುತ್ತ, ಅದೇ ನಾಲ್ಕು ಮುಖಗಳನ್ನು ನೋಡುತ್ತ ಬದುಕಬೇಕು. ರಾಕೆಟ್ಟಿನ ಎಂಜಿನ್ನಾದರೆ ಕಟ್ಟೆಗೆ ಬಿಗಿದು ಉರಿಸಿ ನೋಡಬಹುದು. ಮನುಷ್ಯರನ್ನು ಮೊದಲೇ ಪರೀಕ್ಷಿಸಿ ನೋಡಲು ಉಳಿದ ದಾರಿ ಒಂದೇ. ನೆಲದ ಮೇಲೆಯೇ ಗಾಳಿಯಾಡದ ಕೋಣೆ ಕಟ್ಟಿ, ಜನರನ್ನು ಒಳಗೆ ಕಳಿಸಿ, ಬಾಗಿಲು ಮುಚ್ಚಿ, ತಿಂಗಳುಗಟ್ಟಲೆ ಕಾಯುವುದು. 1950ರ ದಶಕದ ಕೊನೆಯಲ್ಲಿ ಶುರುವಾದ ಈ ಕೆಲಸ ಇಂದಿಗೂ ನಿಂತಿಲ್ಲ. ಅಮೆರಿಕ, ಯುರೋಪ್, ಚೀನಾ, ಈಚೆಗೆ ಭಾರತ, ಎಲ್ಲ ಕಡೆಯೂ ಇಂಥ ಕೋಣೆಗಳು ಬಂದಿವೆ. ಆದರೆ ಅತಿ ದೀರ್ಘಕಾಲ, ಪಟ್ಟುಬಿಡದೆ ಇದನ್ನು ನಡೆಸಿಕೊಂಡು ಬಂದದ್ದು ಮಾಸ್ಕೋದ ಖೊರೊಶೆವ್‌ಸ್ಕೊಯೆ ಹೆದ್ದಾರಿಯ ಬದಿಯಲ್ಲಿರುವ ಜೈವಿಕ ವೈದ್ಯಕೀಯ ಸಮಸ್ಯೆಗಳ ಸಂಸ್ಥೆ. ಈ ಪ್ರಯೋಗಗಳ ಚರಿತ್ರೆಯ ಬಹುಭಾಗ ಆ ಒಂದು ಕಟ್ಟಡದೊಳಗೇ ನಡೆದಿದೆ.

ಮೊದಲ ಹೆಜ್ಜೆ ಮಾತ್ರ ಅಮೆರಿಕದ್ದು. 1958ರ ಫೆಬ್ರುವರಿಯಲ್ಲಿ, ಸ್ಪುಟ್ನಿಕ್ ಹಾರಿ ನಾಲ್ಕು ತಿಂಗಳಾಗಿದ್ದಾಗ, ಟೆಕ್ಸಸ್‌ನ ರ‍್ಯಾಂಡಾಲ್ಫ್ ವಾಯುನೆಲೆಯಲ್ಲಿ 23 ವರ್ಷದ ವಾಯುಸೈನಿಕ ಡೊನಾಲ್ಡ್ ಫ್ಯಾರೆಲ್ ಒಂದು ಉಕ್ಕಿನ ಕೋಣೆಯನ್ನು ಹೊಕ್ಕ. ಕೈಕಾಲು ಚಾಚಲೂ ಕಷ್ಟವಾಗುವಷ್ಟು ಇಕ್ಕಟ್ಟು. ಚಂದ್ರನವರೆಗೆ ಹೋಗಿಬರಲು ಬೇಕಾದೀತು ಎಂದು ಲೆಕ್ಕ ಹಾಕಿದ ಏಳು ದಿನ ಅವನು ಅದರೊಳಗಿದ್ದ. ಗೊತ್ತಾದ ಹೊತ್ತಿಗೆ ಗುಂಡಿ ಒತ್ತುವುದು, ಮಾಪಕ ನೋಡುವುದು, ದಿನಚರಿ ಬರೆಯುವುದು ಅವನ ಕೆಲಸ. ದೇಹಕ್ಕೆ ಏನೂ ಆಗಲಿಲ್ಲ. ಆದರೆ ದಿನಚರಿಯ ದನಿ ದಿನದಿಂದ ದಿನಕ್ಕೆ ಬಿಗಿಯಾಗುತ್ತ ಬಂತು. ಕಡೆಯ ದಿನಗಳ ಬರಹದಲ್ಲಿ ಹೊರಗಿದ್ದವರ ಮೇಲೆ ನೇರ ಸಿಡುಕೇ ಕಾಣುತ್ತದೆ. ಅವನು ಹೊರಬಂದಾಗ ಎದುರುಗೊಂಡವರಲ್ಲಿ ಮುಂದೆ ಅಧ್ಯಕ್ಷನಾದ ಸೆನೆಟರ್ ಲಿಂಡನ್ ಜಾನ್ಸನ್ ಕೂಡ ಇದ್ದ. ಪತ್ರಿಕೆಗಳು ಗಾಳಿ, ಆಹಾರ, ನಾಡಿಬಡಿತದ ಬಗ್ಗೆ ಬರೆದವು. ಆ ಸಿಡುಕು ಯಾರ ಗಮನಕ್ಕೂ ಹೆಚ್ಚು ಬರಲಿಲ್ಲ. ಮುಂದಿನ ಅರವತ್ತು ವರ್ಷಗಳ ಪ್ರಯೋಗಗಳಲ್ಲಿ ಮತ್ತೆ ಮತ್ತೆ ತಲೆಯೆತ್ತಿದ್ದು ಅದೇ.

ಸೋವಿಯತ್ ಒಕ್ಕೂಟ 1960ರಲ್ಲಿ ಆಯ್ದ ಮೊದಲ ಇಪ್ಪತ್ತು ಗಗನಯಾತ್ರಿ ಅಭ್ಯರ್ಥಿಗಳಿಗೂ ಇಂಥದೇ ಒಂದು ಪರೀಕ್ಷೆ ಇತ್ತು. ಹೊರಗಿನ ಸದ್ದು ಒಂದಿಷ್ಟೂ ಬಾರದ ಕೋಣೆಯಲ್ಲಿ ಒಬ್ಬೊಬ್ಬರೇ ದಿನಗಟ್ಟಲೆ ಇರಬೇಕು. ಮೊದಲು ಒಳಹೊಕ್ಕವನು ವಲೇರಿ ಬಿಕೊವ್‌ಸ್ಕಿ. ಗುಂಪಿನಲ್ಲಿ ಎಲ್ಲರಿಗಿಂತ ಕಿರಿಯ, 24 ವರ್ಷದ ವ್ಯಾಲೆಂಟಿನ್ ಬೊಂಡಾರೆಂಕೊನ ಸರದಿ 1961ರ ಮಾರ್ಚ್‌ನಲ್ಲಿ ಬಂತು. ಕೋಣೆಯಲ್ಲಿ ಒತ್ತಡ ಕಡಿಮೆ, ಆಮ್ಲಜನಕದ ಪಾಲು ಹೆಚ್ಚು. ಮಾರ್ಚ್ 23ರಂದು ಅವನು ಮೈಗೆ ಅಂಟಿಸಿದ್ದ ಸಂವೇದಕಗಳನ್ನು ತೆಗೆದು, ಅಂಟಿನ ಕಲೆಯನ್ನು ಮದ್ಯಸಾರದಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಹತ್ತಿಯನ್ನು ಅತ್ತ ಎಸೆದ. ಅದು ವಿದ್ಯುತ್ ಒಲೆಯ ಮೇಲೆ ಬಿತ್ತು. ಆಮ್ಲಜನಕ ತುಂಬಿದ ಗಾಳಿಯಲ್ಲಿ ಬೆಂಕಿ ಕ್ಷಣದಲ್ಲಿ ಕೋಣೆಯೆಲ್ಲ ಹಬ್ಬಿತು. ಒಳಗೂ ಹೊರಗೂ ಒತ್ತಡದ ವ್ಯತ್ಯಾಸವಿದ್ದುದರಿಂದ ಬಾಗಿಲನ್ನು ತಕ್ಷಣ ತೆರೆಯಲಾಗಲಿಲ್ಲ. ಮೈಯೆಲ್ಲ ಸುಟ್ಟಿದ್ದ ಅವನು ಕೆಲವು ಗಂಟೆಗಳಲ್ಲೇ ತೀರಿಕೊಂಡ. ಅದಾದ ಮೂರು ವಾರಕ್ಕೆ ಗಗಾರಿನ್ ಭೂಮಿಯನ್ನು ಸುತ್ತಿಬಂದ. ಬೊಂಡಾರೆಂಕೊನ ಸಾವನ್ನು ಸೋವಿಯತ್ ಪತ್ರಿಕೆಗಳು ಬಹಿರಂಗವಾಗಿ ಬರೆದದ್ದು 1986ರಲ್ಲಿ. ಈ ನಡುವೆ, 1967ರ ಜನವರಿಯಲ್ಲಿ, ಶುದ್ಧ ಆಮ್ಲಜನಕ ತುಂಬಿದ್ದ ಅಪೊಲೊ 1ರ ಕೋಶದಲ್ಲಿ ನೆಲದ ಮೇಲಿನ ಪರೀಕ್ಷೆಯ ವೇಳೆಯೇ ಬೆಂಕಿ ಹತ್ತಿ ಮೂವರು ಅಮೆರಿಕನ್ನರು ಸತ್ತರು. ಮಾಸ್ಕೋದ ಅವಘಡ ಮೊದಲೇ ತಿಳಿದಿದ್ದರೆ ಅಮೆರಿಕದ ಎಂಜಿನಿಯರ್‌ಗಳು ಎಚ್ಚರಗೊಳ್ಳುತ್ತಿದ್ದರೇ ಎಂಬ ಚರ್ಚೆ ಇತಿಹಾಸಕಾರರಲ್ಲಿ ಮುಗಿದಿಲ್ಲ. ಮುಚ್ಚಿದ ಕೋಣೆಯಲ್ಲಿ ನಡೆದದ್ದನ್ನು ಮುಚ್ಚಿಡಬಾರದು ಎಂಬುದಕ್ಕೆ ಇದಕ್ಕಿಂತ ಬಲವಾದ ಉದಾಹರಣೆ ಸಿಗುವುದು ಕಷ್ಟ.

ಮಾಸ್ಕೋದ ಸಂಸ್ಥೆ ಹುಟ್ಟಿದ್ದು 1963ರಲ್ಲಿ. ಸೋವಿಯತ್ ರಾಕೆಟ್ ಯೋಜನೆಯ ಮುಖ್ಯ ವಿನ್ಯಾಸಕ ಸೆರ್ಗೆಯ್ ಕೊರೊಲ್ಯೊವ್ ಮತ್ತು ವಿಜ್ಞಾನ ಅಕಾಡೆಮಿಯ ಅಧ್ಯಕ್ಷ ಮ್‌ಸ್ತಿಸ್ಲಾವ್ ಕೆಲ್ದಿಷ್ ಅದರ ಬೆನ್ನಿಗಿದ್ದರು. ಕೊರೊಲ್ಯೊವ್‌ನ ಕಚೇರಿಯಲ್ಲಿ ಆಗಲೇ ಮಂಗಳದ ಸುತ್ತ ಹೋಗಿಬರುವ ಭಾರಿ ನೌಕೆಯೊಂದರ ನಕ್ಷೆ ತಯಾರಾಗುತ್ತಿತ್ತು. ಚಂದ್ರನ ಮೇಲೆ ಇನ್ನೂ ಯಾರೂ ಕಾಲಿಟ್ಟಿರಲಿಲ್ಲ, ಆದರೂ ಆ ಪೀಳಿಗೆಯ ಎಂಜಿನಿಯರ್‌ಗಳ ಕಣ್ಣು ಮಂಗಳದ ಮೇಲಿತ್ತು. ಅಂಥ ನೌಕೆಯಲ್ಲಿ ಮೂವರು ಒಂದು ವರ್ಷ ಬಾಳಬಲ್ಲರೇ ಎಂಬುದನ್ನು ನೆಲದ ಮೇಲೆ ನೋಡಬೇಕಿತ್ತು.

1967ರ ನವೆಂಬರ್ 5ರಂದು ಮೂವರು ಒಳಗೆ ಹೋದರು. ನಾಯಕ ಗೆರ್ಮನ್ ಮನೊವ್‌ತ್ಸೆವ್ ವೈದ್ಯ, ಆಂದ್ರೇ ಬೊಷ್ಕೊ ಜೀವವಿಜ್ಞಾನಿ, ಬೊರಿಸ್ ಉಲಿಬಿಷೆವ್ ತಂತ್ರಜ್ಞ. ವಾಸಕ್ಕೆ ಇದ್ದ ಜಾಗ 12 ಚದರ ಮೀಟರ್, ಒಂದು ಸಾಧಾರಣ ಮಲಗುವ ಕೋಣೆಯಷ್ಟು. ಅದರೊಳಗೇ ಮೂರು ಮಲಗುವ ಹಲಗೆ, ಮೇಜು, ಅಡುಗೆ, ವ್ಯಾಯಾಮ, ಪ್ರಯೋಗದ ಉಪಕರಣ ಎಲ್ಲ. ಊಟಕ್ಕೆ ಹೆಪ್ಪುಗಟ್ಟಿಸಿ ಒಣಗಿಸಿದ ಆಹಾರ, ಬಿಸಿನೀರು ಬೆರೆಸಿಕೊಂಡು ತಿನ್ನಬೇಕು. ನೀರು ಹೊರಗಿನಿಂದ ಬರುತ್ತಿರಲಿಲ್ಲ. ಮೂತ್ರ, ಬೆವರು, ಉಸಿರಿನ ತೇವ ಎಲ್ಲವನ್ನೂ ಹಿಡಿದು, ಸೋಸಿ, ಶುದ್ಧಮಾಡಿ ಅದನ್ನೇ ಕುಡಿಯಬೇಕಿತ್ತು. ಕೆಲವು ತಿಂಗಳ ಮೇಲೆ ಪಕ್ಕದ ಹಸಿರುಮನೆಯನ್ನು ಕೋಣೆಗೆ ಜೋಡಿಸಿದರು. ಎಲೆಕೋಸು, ಸಬ್ಬಸಿಗೆಯಂಥ ಸೊಪ್ಪುಗಳು ದೀಪದ ಬೆಳಕಿನಲ್ಲಿ ಬೆಳೆದವು. ತಿಂಗಳುಗಟ್ಟಲೆ ಪುಡಿಯ ಊಟ ಉಂಡಿದ್ದವರ ತಟ್ಟೆಗೆ ಹಸಿ ಎಲೆಗಳು ಬಿದ್ದವು. ಸೊಪ್ಪು ತಿನ್ನುವುದಕ್ಕಿಂತ ಆ ಗಿಡಗಳ ಆರೈಕೆಯೇ ಅವರಿಗೆ ಹೆಚ್ಚು ನೆಮ್ಮದಿ ಕೊಟ್ಟಿತು. ಈ ಮಾತು ಮುಂದೆ ಬಂದ ಹೆಚ್ಚುಕಡಿಮೆ ಎಲ್ಲ ಪ್ರಯೋಗಗಳಲ್ಲೂ ಕೇಳಿಬಂದಿದೆ.

ಹಿಂಸೆಯಾದದ್ದು ಇಕ್ಕಟ್ಟು ಒಂದೇ ಅಲ್ಲ. ಮೂವರೂ ಆರೋಗ್ಯವಂತರು, ಓದಿದವರು, ಸ್ವಇಚ್ಛೆಯಿಂದ ಬಂದವರು. ಆದರೂ ಒಬ್ಬ ಚಮಚ ಇಡುವ ರೀತಿ, ಇನ್ನೊಬ್ಬ ಮಾತನಾಡುವ ರೀತಿ, ಮತ್ತೊಬ್ಬನ ಮೌನ, ಇಂಥ ಪುಡಿ ಸಂಗತಿಗಳು ವಾರ ಕಳೆದಂತೆ ಸಹಿಸಲಾಗದಷ್ಟು ಬೆಳೆಯುವುದು ಇಂಥ ವಾಸದ ಸ್ವಭಾವ. ಬೊಷ್ಕೊ ಅಲ್ಲಿ ದಿನಚರಿ ಬರೆದ. ಅದನ್ನು ಆಧರಿಸಿ ಪತ್ರಕರ್ತೆ ವಿಯೊಲೆಟ್ಟಾ ಗೊರೊದಿನ್‌ಸ್ಕಾಯಾ ಜೊತೆಗೂಡಿ ತಂದ ‘ನಕ್ಷತ್ರನೌಕೆಯಲ್ಲಿ ಒಂದು ವರ್ಷ’ ಎಂಬ ಪುಸ್ತಕ 1975ರಲ್ಲಿ ರಷ್ಯನ್ ಭಾಷೆಯಲ್ಲಿ ಅಚ್ಚಾಯಿತು. ಸಂಗಡಿಗರ ನಡುವಿನ ಮುನಿಸನ್ನು ಅಷ್ಟು ಬಿಚ್ಚಿ ಹೇಳಿದ ಸೋವಿಯತ್ ಅಂತರಿಕ್ಷ ಪುಸ್ತಕ ಅಪರೂಪ. 1968ರ ನವೆಂಬರ್ 5ರಂದು ಬಾಗಿಲು ತೆರೆಯಿತು. ಅದು ಅಧಿಕ ವರ್ಷವಾದ್ದರಿಂದ ಒಟ್ಟು 366 ದಿನ. ಯಂತ್ರಗಳು ಗೆದ್ದಿದ್ದವು, ಗಾಳಿ ನೀರು ಕೈಕೊಡಲಿಲ್ಲ. ಯಾರನ್ನು ಯಾರ ಜೊತೆ ಕಳಿಸಬೇಕು ಎಂಬ ಪ್ರಶ್ನೆ ಮಾತ್ರ ಮೊದಲಿಗಿಂತ ದೊಡ್ಡದಾಗಿ ಹೊರಬಂತು. ಸಂಸ್ಥೆಯ ಮನೋವಿಜ್ಞಾನಿಗಳು ಗುಂಪಿನ ಹೊಂದಾಣಿಕೆಯನ್ನು ಒಂದು ಸ್ವತಂತ್ರ ವಿಷಯವಾಗಿ ಅಭ್ಯಾಸ ಮಾಡತೊಡಗಿದರು.

ಹಸಿರುಮನೆಯ ಪಾಠವನ್ನು ಮುಂದಕ್ಕೆ ಒಯ್ದದ್ದು ಸೈಬೀರಿಯದ ಕ್ರಾಸ್ನೊಯಾರ್ಸ್ಕ್. ಅಲ್ಲಿನ ಜೀವಭೌತ ಸಂಸ್ಥೆಯ ನೆಲಮಾಳಿಗೆಯಲ್ಲಿ ಯೊಸಿಫ್ ಗಿಟೆಲ್ಸನ್ ಮತ್ತು ಸಂಗಡಿಗರು 1972ರಲ್ಲಿ ಬಯೋಸ್-3 ಎಂಬ 315 ಘನ ಮೀಟರ್‌ನ ಉಕ್ಕಿನ ಮನೆ ಕಟ್ಟಿ ಮುಗಿಸಿದರು. ನಾಲ್ಕು ವಿಭಾಗಗಳಲ್ಲಿ ಒಂದು ವಾಸಕ್ಕೆ, ಉಳಿದವು ಗೋಧಿ, ತರಕಾರಿ, ಕ್ಲೊರೆಲ್ಲಾ ಪಾಚಿಗೆ. ಸೂರ್ಯನಿಲ್ಲದ ಜಾಗದಲ್ಲಿ ಕ್ಸೆನಾನ್ ದೀಪಗಳ ಪ್ರಖರ ಬೆಳಕು. ಅವುಗಳ ಕಾವನ್ನು ನೀರು ಹರಿಸಿ ತಣಿಸಬೇಕಿತ್ತು. ಗೋಧಿಯನ್ನು ಒಳಗಿದ್ದವರೇ ಕೊಯ್ದು, ಒಕ್ಕಿ, ಬೀಸಿ, ರೊಟ್ಟಿ ಸುಟ್ಟುಕೊಂಡರು. ಎಣ್ಣೆಗೆಂದು ಚುಫಾ ಎಂಬ ಗೆಡ್ಡೆ ಬೆಳೆದರು. ಗಾಳಿ ಹೆಚ್ಚುಕಡಿಮೆ ಪೂರ್ತಿ ಗಿಡಗಳಿಂದಲೇ ಶುದ್ಧವಾಗುತ್ತಿತ್ತು. ಒಣಮಾಂಸದಂಥ ಕೆಲವು ಪದಾರ್ಥ ಮಾತ್ರ ಹೊರಗಿನದು. 1972-73ರಲ್ಲಿ ಮೂವರ ತಂಡ 180 ದಿನ ಹೀಗೆ ಬಾಳಿತು. ನಿಕೊಲಾಯ್ ಬುಗ್ರೇವ್ ಎಂಬ ಎಂಜಿನಿಯರ್ ಹಲವು ಸರದಿ ಸೇರಿಸಿ ಒಟ್ಟು 13 ತಿಂಗಳು ಅದರೊಳಗಿದ್ದ. ಬಯೋಸ್‌ನ ಇನ್ನೊಂದು ವಿಶೇಷವನ್ನು ಅಷ್ಟಾಗಿ ಯಾರೂ ಎತ್ತಿ ಹೇಳುವುದಿಲ್ಲ. ಇಡೀ ವ್ಯವಸ್ಥೆಯ ಹತೋಟಿ ಹೊರಗಿನ ವಿಜ್ಞಾನಿಗಳ ಕೈಯಲ್ಲಿರಲಿಲ್ಲ, ಒಳಗಿದ್ದವರ ಕೈಯಲ್ಲೇ ಇತ್ತು. ಉಸಿರಾಡುವವನೇ ಗಾಳಿಯನ್ನು ನೋಡಿಕೊಂಡರೆ ಅವನ ಎಚ್ಚರವೇ ಬೇರೆ.

ಅಮೆರಿಕದಲ್ಲಿ ಅದೇ ಹೊತ್ತಿಗೆ ನಡೆದ ಪ್ರಯೋಗಗಳು ತೀರಾ ವ್ಯಾವಹಾರಿಕ. 1970ರಲ್ಲಿ ಮ್ಯಾಕ್‌ಡೊನೆಲ್ ಡಗ್ಲಾಸ್ ಕಂಪನಿ ನಾಲ್ವರನ್ನು 90 ದಿನ ಕೋಣೆಯಲ್ಲಿಟ್ಟು ಗಾಳಿ, ನೀರು ಮರುಬಳಕೆಯ ಯಂತ್ರಗಳನ್ನು ಪರೀಕ್ಷಿಸಿತು. 1972ರಲ್ಲಿ ಹ್ಯೂಸ್ಟನ್‌ನಲ್ಲಿ ರಾಬರ್ಟ್ ಕ್ರಿಪ್ಪೆನ್, ಕರೋಲ್ ಬೊಬ್ಕೊ, ವಿಲಿಯಂ ಥಾರ್ನ್‌ಟನ್ ಎಂಬ ಮೂವರು ಗಗನಯಾತ್ರಿಗಳು ಸ್ಕೈಲ್ಯಾಬ್ ಅಂತರಿಕ್ಷ ನಿಲ್ದಾಣದ ತಾಲೀಮಿಗೆಂದು 56 ದಿನ ಕಡಿಮೆ ಒತ್ತಡದ ಕೋಣೆಯಲ್ಲಿದ್ದರು. ಒಂದು ದಿನದ ಮೂತ್ರ ಹಿಡಿಯಲು ಮಾಡಿದ್ದ ಚೀಲ ಸಾಲುವುದಿಲ್ಲ, ವ್ಯಾಯಾಮದ ಸೈಕಲ್ ಬಿಗಿಯಾಗಿ ತುಳಿಯುವವರಿಗೆ ತಡೆಯುವುದಿಲ್ಲ ಎಂಬಂಥ ಸಂಗತಿಗಳು ಅಲ್ಲಿ ಗೊತ್ತಾದವು. ಕೇಳಲು ಸಣ್ಣವು, ಆಕಾಶದಲ್ಲಿ ಗೊತ್ತಾಗಿದ್ದರೆ ಸ್ಕೈಲ್ಯಾಬ್‌ನ ವೈದ್ಯಕೀಯ ಪ್ರಯೋಗವೇ ಕೆಡುತ್ತಿತ್ತು. ಅದೇ ವರ್ಷ ಫ್ರಾನ್ಸಿನ ಭೂವಿಜ್ಞಾನಿ ಮಿಷೆಲ್ ಸಿಫ್ರ್ ನಾಸಾದ ನೆರವಿನಿಂದ ಟೆಕ್ಸಸ್‌ನ ಗುಹೆಯೊಂದರಲ್ಲಿ ಗಡಿಯಾರವಿಲ್ಲದೆ ಆರು ತಿಂಗಳಿಗೂ ಹೆಚ್ಚು ಒಬ್ಬನೇ ಕಳೆದ. ಹತ್ತು ವರ್ಷ ಹಿಂದೆ, 1962ರಲ್ಲಿ, ಅವನು ಆಲ್ಪ್ಸ್ ಪರ್ವತದ ಗುಹೆಯಿಂದ ಸೆಪ್ಟೆಂಬರ್ 14ರಂದು ಹೊರಬಂದಾಗ ಅವನ ಲೆಕ್ಕದಲ್ಲಿ ಅದು ಆಗಸ್ಟ್ 20 ಆಗಿತ್ತು. ಸೂರ್ಯನ ಸುಳಿವಿಲ್ಲದಾಗ ದೇಹ ತನ್ನದೇ ಗಡಿಯಾರವನ್ನು ನಡೆಸುತ್ತದೆ, ಮನಸ್ಸು ಕಾಲವನ್ನು ಕುಗ್ಗಿಸುತ್ತದೆ ಎಂಬ ತಿಳಿವಳಿಕೆ ಹೀಗೆ ಬಂತು.

ಬೆಂಗಳೂರು ಈ ಕಥೆಯಲ್ಲಿ ಮೊದಲು ಬರುವುದು 1982ರಲ್ಲಿ. ಸೋವಿಯತ್ ನೌಕೆಯಲ್ಲಿ ಹೋಗಲು ಭಾರತದ ಪೈಲಟ್‌ಗಳನ್ನು ಆರಿಸುವಾಗ, ಮುಚ್ಚಿದ ಜಾಗದ ಭಯ ಒಳಗೆಲ್ಲಾದರೂ ಅಡಗಿದೆಯೇ ಎಂದು ನೋಡಲು ರಾಕೇಶ್ ಶರ್ಮಾ ಅವರನ್ನು ಇಲ್ಲಿನ ವಾಯುಪಡೆಯ ಕೇಂದ್ರದ ಕೋಣೆಯೊಂದರಲ್ಲಿ 72 ಗಂಟೆ ಕೂಡಿಹಾಕಿದ್ದರು. 1984ರ ಏಪ್ರಿಲ್‌ನಲ್ಲಿ ಅವರು ಸೊಯುಜ್ ಟಿ-11ರಲ್ಲಿ ಹಾರಿದರು.

ಮಾಸ್ಕೋದ ಸಂಸ್ಥೆ ಆ ದಶಕದಲ್ಲಿ ಇನ್ನೊಂದು ಬಗೆಯ ಸೆರೆವಾಸಕ್ಕೆ ಕೈಹಾಕಿತ್ತು. ಭಾರರಹಿತ ಸ್ಥಿತಿಯಲ್ಲಿ ರಕ್ತ ತಲೆಯ ಕಡೆ ಏರುತ್ತದೆ, ಸ್ನಾಯು ಕರಗುತ್ತದೆ, ಮೂಳೆ ಸವೆಯುತ್ತದೆ. ನೆಲದ ಮೇಲೆ ಅದನ್ನು ಹತ್ತಿರದಿಂದ ಅನುಕರಿಸುವ ಉಪಾಯವೆಂದರೆ ತಲೆಯ ಕಡೆ ಆರು ಡಿಗ್ರಿ ಇಳಿಜಾರಾದ ಹಾಸಿಗೆಯಲ್ಲಿ ಮನುಷ್ಯನನ್ನು ಮಲಗಿಸಿ, ಏಳಲು ಬಿಡದಿರುವುದು. ಊಟ, ಸ್ನಾನ, ಶೌಚ ಎಲ್ಲ ಮಲಗಿದಲ್ಲೇ. 1986-87ರಲ್ಲಿ ಸ್ವಯಂಸೇವಕರ ತಂಡವೊಂದು ಹೀಗೆ 370 ದಿನ ಮಲಗಿತು. ಆ ಪ್ರಯೋಗದಲ್ಲಿ ದುಡಿದ ವೈದ್ಯರಲ್ಲಿ ಬೊರಿಸ್ ಮೊರುಕೊವ್ ಒಬ್ಬ. 2000ದಲ್ಲಿ ಅವನೇ ಅಮೆರಿಕದ ಷಟಲ್ ನೌಕೆಯಲ್ಲಿ ಹಾರಿದ, ಮುಂದೆ ಮಾರ್ಸ್-500 ಎಂಬ ಪ್ರಯೋಗದ ನಿರ್ದೇಶಕನಾದ. ಅದೇ ಸಂಸ್ಥೆಯ ಮತ್ತೊಬ್ಬ ವೈದ್ಯ ವಲೇರಿ ಪೊಲ್ಯಾಕೊವ್ 1994-95ರಲ್ಲಿ ಮಿರ್ ನಿಲ್ದಾಣದಲ್ಲಿ ಒಂದೇ ಸಮನೆ 437 ದಿನ ಇದ್ದ. ಆ ದಾಖಲೆ ಇನ್ನೂ ಮುರಿದಿಲ್ಲ. ಅಲ್ಲಿನ ವೈದ್ಯರು ಬೇರೆಯವರನ್ನಷ್ಟೇ ಪ್ರಯೋಗಕ್ಕೆ ಒಡ್ಡಿದವರಲ್ಲ ಎಂಬುದನ್ನು ನೆನಪಿಡಬೇಕು.

1991ರಿಂದ 1993ರವರೆಗೆ ಅಮೆರಿಕದ ಅರಿಜೋನಾದಲ್ಲಿ ನಡೆದ ಬಯೋಸ್ಫಿಯರ್-2 ಈ ಸಾಲಿಗೆ ಅರ್ಧ ಮಾತ್ರ ಸೇರುತ್ತದೆ. ಮೂರು ಎಕರೆಗೂ ಮಿಗಿಲಾದ ಗಾಜಿನ ಮನೆಯಲ್ಲಿ ಕಾಡು, ಸಣ್ಣ ಕಡಲು, ಹೊಲ ಎಲ್ಲ ಇದ್ದವು. ಎಂಟು ಮಂದಿ ಎರಡು ವರ್ಷ ಇದ್ದರು. ಆಮ್ಲಜನಕ ಶೇ 21ರಿಂದ ಶೇ 14ರ ಆಸುಪಾಸಿಗೆ ಇಳಿಯಿತು. ಫಲವತ್ತಾದ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತಿದ್ದವು, ಅದನ್ನು ಹಸಿ ಕಾಂಕ್ರೀಟ್ ಗೋಡೆ ಹೀರಿ ಸುಣ್ಣಕಲ್ಲಾಗಿಸಿಕೊಳ್ಳುತ್ತಿತ್ತು. ಹಾಗಾಗಿ ಗಿಡಗಳು ಅದನ್ನು ಆಮ್ಲಜನಕವಾಗಿ ಮರಳಿಸಲು ಆಗಲಿಲ್ಲ. ಕೊನೆಗೆ ಹೊರಗಿನಿಂದ ಆಮ್ಲಜನಕ ತುಂಬಬೇಕಾಯಿತು. ಎಂಟು ಮಂದಿ ನಾಲ್ಕು ನಾಲ್ಕಾಗಿ ಒಡೆದು, ಮಾತು ಬಿಟ್ಟುಕೊಂಡೂ ಕೆಲಸ ಮಾತ್ರ ನಿಲ್ಲಿಸದೆ ಮುಗಿಸಿದರು.

ಸೋವಿಯತ್ ಒಕ್ಕೂಟ ಕುಸಿದ ಮೇಲೆ ಮಾಸ್ಕೋದ ಕೋಣೆಗಳಿಗೆ ಹೊರದೇಶದವರು ಬರತೊಡಗಿದರು. ಯುರೋಪಿನ ಅಂತರಿಕ್ಷ ಸಂಸ್ಥೆ 1990ರಲ್ಲಿ ನಾರ್ವೆಯ ಬರ್ಗೆನ್‌ನಲ್ಲಿ ಆರು ಜನರ 28 ದಿನದ ಪ್ರಯೋಗ, 1992ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ನಾಲ್ವರ 60 ದಿನದ ಪ್ರಯೋಗ ನಡೆಸಿ, 1994-95ರ 135 ದಿನದ ಪ್ರಯೋಗಕ್ಕೆ ಮಾಸ್ಕೋಕ್ಕೇ ಬಂತು. ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣ ಕಟ್ಟುವ ಕಾಲ ಹತ್ತಿರವಾಗಿತ್ತು. ಬೇರೆ ಬೇರೆ ದೇಶದವರು ಒಂದೇ ಸೂರಿನಡಿ ಹೇಗಿರುತ್ತಾರೆ ಎಂದು ನೋಡಲು 1999ರ ಜುಲೈನಲ್ಲಿ ಸ್ಫಿಂಕ್ಸ್-99 ಎಂಬ ಪ್ರಯೋಗ ಶುರುವಾಯಿತು. ರಷ್ಯನ್ನರ ಒಂದು ತಂಡ 240 ದಿನ ಇರಬೇಕು. ಅದರ ಮಧ್ಯೆ ಬೇರೆ ತಂಡಗಳು 110 ದಿನಕ್ಕೆ ಪಕ್ಕದ ಕೋಣೆಗೆ ಬಂದು ಸೇರಬೇಕು. ಹಾಗೆ ಡಿಸೆಂಬರ್‌ನಲ್ಲಿ ಬಂದ ತಂಡದಲ್ಲಿ ಕೆನಡಾದ ಆರೋಗ್ಯ ಸಂಶೋಧಕಿ ಜೂಡಿತ್ ಲಪಿಯೆರ್ ಇದ್ದಳು. ಆ ತಂಡದಲ್ಲಿ ಹೆಂಗಸು ಅವಳೊಬ್ಬಳೇ.

2000ದ ಹೊಸ ವರ್ಷದ ರಾತ್ರಿ ಒಳಗೆ ಕೂಟ ನಡೆಯಿತು. ಇಬ್ಬರು ರಷ್ಯನ್ನರು ರಕ್ತ ಬರುವಂತೆ ಹೊಡೆದಾಡಿಕೊಂಡರು. ಆಮೇಲೆ ರಷ್ಯನ್ ತಂಡದ ಸದಸ್ಯನೊಬ್ಬ ಲಪಿಯೆರ್‌ಳನ್ನು ಎಳೆದು, ಅವಳು ಬೇಡವೆಂದರೂ ಮುತ್ತಿಟ್ಟ. ಅವಳೂ ಅವಳ ಸಂಗಡಿಗರೂ ಹೊರಗೆ ದೂರು ಬರೆದರು. ನಡೆಸುತ್ತಿದ್ದವರು ಮೊದಲಿಗೆ ಅದನ್ನು ಸಂಸ್ಕೃತಿಗಳ ವ್ಯತ್ಯಾಸವೆಂದು ತೇಲಿಸಿಬಿಟ್ಟರು. ಜಪಾನಿನ ಸದಸ್ಯ ಸಿಟ್ಟಾಗಿ ಪ್ರಯೋಗ ಬಿಟ್ಟು ಹೊರನಡೆದ. ಎರಡು ಕೋಣೆಗಳ ನಡುವಿನ ಬಾಗಿಲಿಗೆ ಅಗಳಿ ಬಿತ್ತು. ಲಪಿಯೆರ್ ಮಾತ್ರ 110 ದಿನವನ್ನೂ ಮುಗಿಸಿಯೇ ಹೊರಬಂದಳು, ಬಂದಮೇಲೆ ಪತ್ರಿಕೆಗಳೆದುರು ಎಲ್ಲವನ್ನೂ ಹೇಳಿದಳು. ಅವಳು ಬಾಯಿಬಿಡದಿದ್ದರೆ ಇದೂ ಬೊಂಡಾರೆಂಕೊನ ಬೆಂಕಿಯಂತೆ ಕಡತದಲ್ಲಿ ಉಳಿಯುತ್ತಿತ್ತೇನೊ. ಈ ಪ್ರಯೋಗ ಕಲಿಸಿದ ಮುಖ್ಯ ಸಂಗತಿ ದೇಶಭಾಷೆಗಳ ಬಗ್ಗೆ ಅಲ್ಲ. ಒಳಗಿನವರು ಕಷ್ಟದಲ್ಲಿದ್ದಾರೆ ಎಂದಾಗ ಹೊರಗಿನವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದೂ ಪ್ರಯೋಗದ ಭಾಗವೇ ಎಂದು ಅದು ತೋರಿಸಿತು.

ಹತ್ತು ವರ್ಷದ ನಂತರ ಅದೇ ಆವರಣದಲ್ಲಿ ನಡೆದ ಮಾರ್ಸ್-500 ಈ ಪ್ರಯೋಗಗಳಲ್ಲೆಲ್ಲ ಹೆಸರಾದದ್ದು. 2007ರಲ್ಲಿ 14 ದಿನ, 2009ರಲ್ಲಿ 105 ದಿನ ತಾಲೀಮು ನಡೆಸಿ, 2010ರ ಜೂನ್ 3ರಂದು ಆರು ಮಂದಿಯನ್ನು ಒಳಗೆ ಕಳಿಸಿ ಬಾಗಿಲು ಹಾಕಿದರು. ರಷ್ಯದ ಅಲೆಕ್ಸಿ ಸಿತ್ಯೋವ್ ನಾಯಕ. ಮದುವೆಯಾಗಿ ಕೆಲವೇ ವಾರಗಳಾಗಿದ್ದವು. ಸುಖ್ರೊಬ್ ಕಮೊಲೊವ್ ಮತ್ತು ಅಲೆಕ್ಸಾಂದ್ರ್ ಸ್ಮೊಲೆಯೆವ್‌ಸ್ಕಿ ವೈದ್ಯರು. ಫ್ರಾನ್ಸಿನ ರೊಮೇನ್ ಶಾರ್ಲ್, ಇಟಲಿ-ಕೊಲಂಬಿಯಾ ಮೂಲದ ದಿಯೆಗೊ ಉರ್ಬಿನಾ, ಚೀನಾದ ವಾಂಗ್ ಯುಯೆ ಉಳಿದ ಮೂವರು. ಹೋಗಲು 250 ದಿನ, ಮಂಗಳದಲ್ಲಿ 30 ದಿನ, ಬರಲು 240 ದಿನ, ಒಟ್ಟು 520. ಒಂದಕ್ಕೊಂದು ಜೋಡಿಸಿದ ಉರುಳೆಯಾಕಾರದ ಕೋಣೆಗಳು, ಒಟ್ಟು 550 ಘನ ಮೀಟರ್. ವಾಸದ ಕೋಣೆಗೆ ಮರದ ಹಲಗೆಯ ಗೋಡೆ. ಒಬ್ಬೊಬ್ಬನಿಗೂ ಸುಮಾರು 3 ಚದರ ಮೀಟರ್‌ನ ಖಾಸಗಿ ಗೂಡು, ಅದರಲ್ಲಿ ಹಾಸಿಗೆ, ಮೇಜು, ಕಪಾಟು. ಕಿಟಕಿ ಇಲ್ಲ. ನೌಕೆ ದೂರ ಹೋದಂತೆಲ್ಲ ಹೊರಗಿನೊಡನೆ ಮಾತು ತಡವಾಗುತ್ತ ಹೋಯಿತು. ದೂರವಾಣಿಯ ಸಂಭಾಷಣೆ ನಿಂತು, ಪತ್ರ ಮತ್ತು ಚಿತ್ರೀಕರಿಸಿ ಕಳಿಸಿದ ವಿಡಿಯೊ ಉಳಿದವು.

2011ರ ಫೆಬ್ರುವರಿ 12ರಂದು ಮೂವರು ‘ಇಳಿದರು’. ಎರಡು ದಿನದ ಮೇಲೆ ಸ್ಮೊಲೆಯೆವ್‌ಸ್ಕಿ, ಉರ್ಬಿನಾ ಓರ್ಲಾನ್ ಎಂಬ ಅಂತರಿಕ್ಷ ಉಡುಪು ತೊಟ್ಟು, ಪಕ್ಕದ ಕತ್ತಲ ಕೋಣೆಯಲ್ಲಿ ಹರಡಿದ್ದ ಕೆಂಪು ಮರಳಿನ ಮೇಲೆ ನಡೆದರು. ಅಂಥ ಮೂರು ನಡಿಗೆಗಳು ನಡೆದವು. ಅದರ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲಿ ಬಂದವು. ಆದರೆ ವಿಜ್ಞಾನಿಗಳಿಗೆ ಬೇಕಿದ್ದ ಭಾಗ ಆ ಮೂರು ದಿನವಲ್ಲ, ಅದರ ಹಿಂದು ಮುಂದಿನ ಏನೂ ನಡೆಯದ ದಿನಗಳು. ಅಂಥ ಒಂದೇ ಬಗೆಯ ದಿನಗಳಲ್ಲಿ ಎಚ್ಚರ ತಪ್ಪಬಾರದೆಂದು ಒಮ್ಮೆ ಮುನ್ಸೂಚನೆಯಿಲ್ಲದೆ ವಿದ್ಯುತ್ತನ್ನೂ ಕಡಿದು ನೋಡಿದರು.

ಮಾರ್ಸ್-500ರೊಳಗೆ ನಡೆದ ನೂರಕ್ಕೂ ಹೆಚ್ಚು ಪ್ರಯೋಗಗಳಲ್ಲಿ ಎಲ್ಲಕ್ಕಿಂತ ಅನಿರೀಕ್ಷಿತ ಫಲ ಕೊಟ್ಟದ್ದು ಉಪ್ಪಿನದು. ಜರ್ಮನಿಯ ವೈದ್ಯ ಯೆನ್ಸ್ ಟಿಟ್ಸೆ ಮತ್ತು ಸಂಗಡಿಗರು 105 ಮತ್ತು 520 ದಿನಗಳ ಎರಡೂ ತಂಡಗಳ ಊಟದ ಉಪ್ಪನ್ನು ದಿನಕ್ಕೆ 12 ಗ್ರಾಂ, ಆಮೇಲೆ 9, ಆಮೇಲೆ 6 ಎಂದು ವಾರಗಟ್ಟಲೆ ಇಳಿಸುತ್ತ ಹೋದರು. ಬಡಿಸಿದ್ದನ್ನು ಪೂರ್ತಿ ಉಣ್ಣಬೇಕು, ಪ್ರತಿದಿನದ ಮೂತ್ರವನ್ನು ಒಂದು ತೊಟ್ಟೂ ಬಿಡದೆ ಹಿಡಿದಿಡಬೇಕು. ಹೊರಗಿನ ಜಗತ್ತಿನಲ್ಲಿ ಯಾರ ಮೇಲೂ ಇಷ್ಟು ಕಟ್ಟುನಿಟ್ಟಾಗಿ, ಇಷ್ಟು ದಿನ ಹೀಗೆ ಮಾಡಲು ಸಾಧ್ಯವೇ ಇಲ್ಲ. ತಿಂದ ಉಪ್ಪು ಅಂದೇ ಹೊರಹೋಗುತ್ತದೆ ಎಂದು ವೈದ್ಯ ಪುಸ್ತಕಗಳು ಹೇಳುತ್ತಿದ್ದವು. ಇಲ್ಲಿ ಕಂಡದ್ದೇ ಬೇರೆ. ಉಪ್ಪು ಒಂದೇ ಸಮ ಇದ್ದಾಗಲೂ ಮೂತ್ರದಲ್ಲಿ ಹೋಗುವ ಸೋಡಿಯಂ ಸುಮಾರು ವಾರಕ್ಕೊಮ್ಮೆ ಏರಿ ಇಳಿಯುತ್ತಿತ್ತು. ದೇಹದಲ್ಲಿ ಉಳಿಯುವ ಸೋಡಿಯಂ ತಿಂಗಳುಗಳ ಲಯದಲ್ಲಿ ಹೆಚ್ಚುಕಡಿಮೆಯಾಗುತ್ತಿತ್ತು. ಉಪ್ಪು ಹೆಚ್ಚು ತಿಂದ ವಾರಗಳಲ್ಲಿ ಅವರು ನೀರನ್ನು ಹೆಚ್ಚು ಕುಡಿಯಲಿಲ್ಲ, ಕಡಿಮೆಯೇ ಕುಡಿದರು. ಹಸಿವು ಮಾತ್ರ ಹೆಚ್ಚಾಯಿತು. ಮೂತ್ರಪಿಂಡ ಯೂರಿಯಾವನ್ನು ಬಳಸಿ ನೀರು ಉಳಿಸಿಕೊಳ್ಳುತ್ತದೆ, ಅದಕ್ಕೆ ಬೇಕಾದ ಶಕ್ತಿಗೆ ದೇಹ ಹೆಚ್ಚು ಆಹಾರ ಕೇಳುತ್ತದೆ ಎಂಬ ವಿವರಣೆ 2017ರಲ್ಲಿ ಪ್ರಕಟವಾಯಿತು. ಮಂಗಳಕ್ಕೆಂದು ಕಟ್ಟಿದ ಕೋಣೆ ಭೂಮಿಯ ಮೇಲಿನ ರಕ್ತದೊತ್ತಡದ ವೈದ್ಯರಿಗೆ ಹೀಗೊಂದು ಹೊಸ ವಿಚಾರ ಕೊಟ್ಟಿತು. ಇಂಥ ಪ್ರಯೋಗಗಳಿಗೆ ಹಾಕುವ ಹಣ ವ್ಯರ್ಥ ಎನ್ನುವವರು ಗಮನಿಸಬೇಕಾದ ಸಂಗತಿ ಇದು.

ನಿದ್ದೆಯ ಅಧ್ಯಯನ ಅಷ್ಟು ಸಂತೋಷದ್ದಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮಥಿಯಾಸ್ ಬಾಸ್ನರ್, ಡೇವಿಡ್ ಡಿಂಜೆಸ್ ಮತ್ತಿತರರು ಆರೂ ಜನರ ಕೈಗೆ ಚಲನೆ ಅಳೆಯುವ ಪಟ್ಟಿ ಕಟ್ಟಿಸಿದ್ದರು. 2013ರಲ್ಲಿ ಬಂದ ಫಲಿತಾಂಶದ ಪ್ರಕಾರ ತಿಂಗಳು ಕಳೆದಂತೆ ತಂಡದ ಚಲನವಲನವೇ ಕುಗ್ಗುತ್ತ ಹೋಯಿತು. ಎಚ್ಚರದಲ್ಲಿದ್ದಾಗಲೂ ಸುಮ್ಮನೆ ಕೂರುವ ಹೊತ್ತು ಹೆಚ್ಚಿತು, ಹಾಸಿಗೆಯಲ್ಲಿ ಕಳೆಯುವ ಹೊತ್ತೂ ಹೆಚ್ಚಿತು. ಒಬ್ಬನ ದೇಹದ ಗಡಿಯಾರ 25 ಗಂಟೆಯ ದಿನಕ್ಕೆ ಜಾರಿ, ಬೇರೆಯವರು ಮಲಗಿದಾಗ ಅವನು ಎದ್ದಿರುವಂತಾಯಿತು. ಇನ್ನೊಬ್ಬನ ನಿದ್ದೆ ಸದಾ ಅರೆಬರೆ. ಗಮನದ ಪರೀಕ್ಷೆಗಳಲ್ಲಿ ಹೆಚ್ಚಿನ ತಪ್ಪುಗಳು ಅವನವೇ. ಒಬ್ಬನಲ್ಲಿ ಖಿನ್ನತೆಯ ಲಕ್ಷಣ ಹೆಚ್ಚುಕಡಿಮೆ ಪ್ರತಿ ವಾರವೂ ಕಂಡಿತು. ಇಬ್ಬರಿಗೆ ಏನೂ ಆಗಲಿಲ್ಲ. ಜಗಳಗಳ ಲೆಕ್ಕ ಇನ್ನೂ ಕುತೂಹಲದ್ದು. ತಂಡದವರು ತಮ್ಮತಮ್ಮೊಳಗೆ ಆಡಿದ ಜಗಳಕ್ಕಿಂತ ಹೊರಗಿನ ನಿಯಂತ್ರಣ ಕೇಂದ್ರದ ಜೊತೆಗಿನ ಜಗಳ ಐದು ಪಟ್ಟು ಹೆಚ್ಚಿತ್ತು. ಟೆಕ್ಸಸ್‌ನ ಉಕ್ಕಿನ ಕೋಣೆಯಲ್ಲಿ ಫ್ಯಾರೆಲ್ ಸಿಡುಕಿದ್ದು ಕೂಡ ಹೊರಗಿನವರ ಮೇಲೆಯೇ. ಒಳಗಿನ ಸಿಟ್ಟು ಒಳಗೇ ಸಿಡಿದರೆ ಬದುಕು ಕಷ್ಟ ಎಂದು ಗುಂಪು ತಿಳಿದೋ ತಿಳಿಯದೆಯೋ ಅದನ್ನು ಹೊರಗೆ ತಿರುಗಿಸುತ್ತದೆ ಎಂದು ಮನೋವಿಜ್ಞಾನಿಗಳು ಹೇಳುತ್ತಾರೆ. 2011ರ ನವೆಂಬರ್ 4ರಂದು ಆರೂ ಮಂದಿ ಹೊರಬಂದರು. ಒಬ್ಬನೂ ನಡುವೆ ಬಿಟ್ಟುಹೋಗಿರಲಿಲ್ಲ.

ಮಾರ್ಸ್-500ರ ಆರೂ ಜನ ಗಂಡಸರು. ಮಾಸ್ಕೋ ಸಂಸ್ಥೆ 2015ರಲ್ಲಿ ಆರು ಹೆಂಗಸರ ಎಂಟು ದಿನದ ಪ್ರಯೋಗ ನಡೆಸಿತು. ಆ ಮೇಲೆ ನಾಸಾದ ಜೊತೆಗೂಡಿ ಸಿರಿಯಸ್ ಎಂಬ ಸರಣಿ ಶುರುಮಾಡಿ ಹೆಂಗಸರು ಗಂಡಸರು ಸೇರಿದ ತಂಡಗಳನ್ನು 2017ರಲ್ಲಿ 17 ದಿನ, 2019ರಲ್ಲಿ ನಾಲ್ಕು ತಿಂಗಳು, 2021-22ರಲ್ಲಿ ಎಂಟು ತಿಂಗಳು ಒಳಗಿಟ್ಟಿತು. 2023ರ ನವೆಂಬರ್‌ನಲ್ಲಿ ಶುರುವಾದ ಸರದಿ ಒಂದು ವರ್ಷದ್ದು. ಹವಾಯಿ ದ್ವೀಪದ ಮೌನಾ ಲೋವಾ ಜ್ವಾಲಾಮುಖಿಯ ಇಳುಕಲಿನಲ್ಲಿ, ಗಿಡಮರವಿಲ್ಲದ ಲಾವಾ ಬಯಲಿನ ಗುಮ್ಮಟದಲ್ಲಿ, 2013ರಿಂದ ಬೇರೆ ಪ್ರಯೋಗಗಳು ನಡೆದವು. ಮೊದಲನೆಯದೇ ಅಡುಗೆಯ ಬಗ್ಗೆ. ಡಬ್ಬಿಯ ಸಿದ್ಧ ಊಟ ಒಳ್ಳೆಯದೋ, ಒಣ ಸಾಮಾನು ಕೊಟ್ಟು ತಾವೇ ಬೇಯಿಸಿಕೊಳ್ಳಲು ಬಿಡುವುದು ಒಳ್ಳೆಯದೋ ಎಂದು ನೋಡುವುದು. 2015-16ರಲ್ಲಿ ಆರು ಮಂದಿ ಅಲ್ಲಿ ಒಂದು ವರ್ಷ ಇದ್ದರು. 2018ರ ಫೆಬ್ರುವರಿಯಲ್ಲಿ ಹೋದ ತಂಡದ ಒಬ್ಬರಿಗೆ ವಿದ್ಯುತ್ ಆಘಾತವಾಗಿ, ಆಸ್ಪತ್ರೆಗೆ ಸೇರಿಸಿ, ಪ್ರಯೋಗವನ್ನು ನಾಲ್ಕೇ ದಿನಕ್ಕೆ ನಿಲ್ಲಿಸಬೇಕಾಯಿತು. ಬೀಜಿಂಗ್‌ನ ಬೆಯ್‌ಹಾಂಗ್ ವಿಶ್ವವಿದ್ಯಾಲಯದ ಯುಯೆಗೊಂಗ್-1ರಲ್ಲಿ ಬಯೋಸ್-3ರ ದಾರಿಯನ್ನೇ ಹಿಡಿದು ಗೋಧಿ, ತರಕಾರಿಯ ಜೊತೆ ಹಿಟ್ಟಿನ ಹುಳುಗಳನ್ನೂ ಸಾಕಿದರು. 2017-18ರಲ್ಲಿ ಎರಡು ತಂಡ ಸರದಿಯ ಮೇಲೆ ಒಟ್ಟು 370 ದಿನ ಅಲ್ಲಿದ್ದವು.

ಈ ಎಲ್ಲ ಕೋಣೆಗಳಿಗೂ ಮೂರು ಮಿತಿಗಳಿವೆ. ಒಳಗೆ ಭೂಮಿಯ ಗುರುತ್ವ ಇದ್ದೇ ಇರುತ್ತದೆ. ಅಂತರಿಕ್ಷದ ವಿಕಿರಣ ಇರುವುದಿಲ್ಲ. ಎಲ್ಲಕ್ಕಿಂತ ದೊಡ್ಡದು, ತೀರಾ ಆಗದಿದ್ದರೆ ಬಾಗಿಲು ತೆರೆಯುತ್ತದೆ ಎಂಬ ಅರಿವು. ಜಪಾನಿನ ಸದಸ್ಯ ಹೊರನಡೆದಂತೆ ಮಂಗಳದ ದಾರಿಯಲ್ಲಿ ಯಾರೂ ಹೊರನಡೆಯಲಾರರು. ಅದಕ್ಕೇ ಕೆಲವರು ಅಂಟಾರ್ಕ್ಟಿಕಾದ ಕಾಂಕಾರ್ಡಿಯಾ ನಿಲ್ದಾಣವನ್ನು ಹೆಚ್ಚು ನಂಬುತ್ತಾರೆ. 3,200 ಮೀಟರ್ ಎತ್ತರದ ಆ ಹಿಮದ ಬಯಲಿಗೆ ಚಳಿಗಾಲವಿಡೀ ಯಾವ ವಿಮಾನವೂ ಹೋಗುವುದಿಲ್ಲ, ತಿಂಗಳುಗಟ್ಟಲೆ ಸೂರ್ಯ ಹುಟ್ಟುವುದಿಲ್ಲ. ಯುರೋಪಿನ ಅಂತರಿಕ್ಷ ಸಂಸ್ಥೆ ಪ್ರತಿ ಚಳಿಗಾಲಕ್ಕೂ ಅಲ್ಲಿಗೆ ಸಂಶೋಧನೆಗೆಂದು ಒಬ್ಬ ವೈದ್ಯರನ್ನು ಕಳಿಸುತ್ತದೆ.

ನಾಸಾ ಈಗ ಹ್ಯೂಸ್ಟನ್‌ನಲ್ಲಿ 1,700 ಚದರ ಅಡಿಯ, ಮುದ್ರಣಯಂತ್ರದಂಥ ಉಪಕರಣದಿಂದ ಪದರ ಪದರವಾಗಿ ಕಟ್ಟಿದ ಮಂಗಳದ ಮನೆ ಮಾಡಿಕೊಂಡಿದೆ. ಕೆಲ್ಲಿ ಹೇಸ್ಟನ್ ನಾಯಕತ್ವದ ನಾಲ್ವರು 2023ರ ಜೂನ್ 25ರಿಂದ 2024ರ ಜುಲೈ 6ರವರೆಗೆ 378 ದಿನ ಅದರಲ್ಲಿದ್ದರು. 2025ರ ಅಕ್ಟೋಬರ್‌ನಲ್ಲಿ ಅಷ್ಟೇ ದಿನಕ್ಕೆ ಎರಡನೆಯ ತಂಡ ಒಳಗೆ ಹೋಯಿತು. ಭಾರತದಲ್ಲಿ ಗಗನಯಾನಕ್ಕೆ ಸಿದ್ಧತೆಯಾಗಿ ಇಸ್ರೊ 2025ರ ಜುಲೈನಲ್ಲಿ ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಗ್ರೂಪ್ ಕ್ಯಾಪ್ಟನ್ ಅಂಗದ್ ಪ್ರತಾಪ್ ಇದ್ದ ತಂಡವನ್ನು ನೌಕೆಯ ಮಾದರಿಯೊಳಗೆ ಹತ್ತು ದಿನ ಇರಿಸಿ ಪರೀಕ್ಷಿಸಿತು. ಆಗಸ್ಟ್‌ನಲ್ಲಿ ಲಡಾಖಿನ ತ್ಸೊ ಕರ್ ಸರೋವರದ ಬಳಿ, ನಾಲ್ಕು ಸಾವಿರ ಮೀಟರ್‌ಗೂ ಮಿಗಿಲಾದ ಎತ್ತರದಲ್ಲಿ, ಬೆಂಗಳೂರಿನ ಪ್ರೊಟೊಪ್ಲಾನೆಟ್ ಕಂಪನಿ ಕಟ್ಟಿದ ಹೋಪ್ ಎಂಬ ನೆಲೆಯಲ್ಲಿ ಇಬ್ಬರು ಹತ್ತು ದಿನ ಕಳೆದರು. ಗಗನಯಾನದ ಹಾರಾಟ ಕೆಲವೇ ದಿನಗಳದ್ದು. 2035ರ ಹೊತ್ತಿಗೆ ಭಾರತ ತನ್ನದೇ ಅಂತರಿಕ್ಷ ನಿಲ್ದಾಣ ಕಟ್ಟುವ ಗುರಿ ಇಟ್ಟುಕೊಂಡಿದೆ. ಅಲ್ಲಿಗೆ ಹೋಗುವವರ ವಾಸಕ್ಕೆ ತಿಂಗಳುಗಳ ಲೆಕ್ಕದ ತಾಲೀಮು ಬೇಕಾಗುತ್ತದೆ.